ಉಳಿ ಸವೆಸಿದ ಮೂಗು

ಆ ದೈವಸ್ಥಾನದ ಒಳಗೆ ನನ್ನನ್ನು ಬಿಡಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಆ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಹೆಂಗಸು, ಮೇಲಾಗಿ ಇಗರ್ಜಿಗೆ ಹೋಗುವ ಕ್ರೈಸ್ತಳು. ಹೊರಗೆ ನಿಂತು ಎಷ್ಟು ಹೊತ್ತು ಬೇಕಾದರೂ ನೋಡಿ, ಚಿತ್ರ ಬಿಡಿಸಿ, ಕಾಲು ಮಾತ್ರ ಒಳಗಿಡಬೇಡಿ ಎಂದು ಅದನ್ನು ನಡೆಸುವ ಗುತ್ತಿನ ಮನೆತನದ ಯಜಮಾನರು ಮೊದಲ ದಿನವೇ ಹೇಳಿದರು. ಫೋಟೋವಂತೂ ಕೂಡದು. ಒರಟಾಗಿ ಹೇಳಲಿಲ್ಲ, ಎಳನೀರು ಕೊಟ್ಟು, ನಿಲ್ಲಲು ನೆರಳು ತೋರಿಸಿಯೇ ಹೇಳಿದರು. ಆದರೂ ನನಗೆ ಸಿಟ್ಟು ಬಂತು. ಆ ಸಿಟ್ಟು ಮುಂದೆ ಉಪಯೋಗಕ್ಕೂ ಬಂತು.

ಅದು ಎಪ್ಪತ್ತರ ದಶಕದ ಕೊನೆ. ಕಾಪುವಿನ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರ್. ಖಾಸಗಿಯಾಗಿ ಕಟ್ಟಿ ಎಂ.ಎ. ಮುಗಿಸಿ, ಕಲಾ ಇತಿಹಾಸದಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದೆ. ಕಾಪು, ಉಡುಪಿ, ಕಾರ್ಕಳ ಸುತ್ತಿನ ಭೂತಾರಾಧನೆಯ ದೈವಸ್ಥಾನಗಳಲ್ಲಿರುವ ಉರುಗಳು, ಎಂದರೆ ದೈವಗಳ ಮರದ ಮೂರ್ತಿಗಳು, ನನ್ನ ವಿಷಯ. ನನ್ನ ಮಾರ್ಗದರ್ಶಕರು ಮಣಿಪಾಲದಲ್ಲಿ ಮನೆ ಮಾಡಿಕೊಂಡಿದ್ದ ದೊಡ್ಡ ವಿದ್ವಾಂಸರು. ನನ್ನನ್ನು ಸೇರಿಸಿಕೊಂಡದ್ದು ಓದಿಗಾಗಿ ಅಲ್ಲ, ಕೈಗಾಗಿ. ಕ್ಯಾಮರಾ ಬಿಡದ ಜಾಗಗಳಲ್ಲಿ ನೋಡಿದ್ದನ್ನು ನೋಡಿದಂತೆ ಬಿಡಿಸುವವರು ಅವರಿಗೆ ಬೇಕಿತ್ತು. ನಿಮ್ಮ ಇಂಗ್ಲಿಷ್ ಸುಮಾರು, ಗೆರೆ ಮಾತ್ರ ಗಟ್ಟಿ ಎಂದು ಮುಖಕ್ಕೇ ಹೇಳಿದ್ದರು. ಸುಳ್ಳೇನೂ ಆಗಿರಲಿಲ್ಲ.

ಕೆಲಸದ ಕ್ರಮವನ್ನು ಅವರೇ ಹಾಕಿಕೊಟ್ಟರು. ಉರುಗಳನ್ನು ಒಂದೊಂದಾಗಿ ಅಳೆದು, ಬಿಡಿಸಿ, ಹಳೆಯದರಿಂದ ಹೊಸದರವರೆಗೆ ಸಾಲಾಗಿ ಜೋಡಿಸಬೇಕು. ಸಾಲಿನ ಮೊದಲನೆಯದು ಯಾವುದೆಂದು ಅವರು ಆಗಲೇ ತೀರ್ಮಾನಿಸಿದ್ದರು. ಕಾರ್ಕಳದಿಂದ ಹೆಬ್ರಿಗೆ ಹೋಗುವ ದಾರಿಯ ಒಂದು ಗುತ್ತಿನ ದೈವಸ್ಥಾನದಲ್ಲಿ ಎದೆಯೆತ್ತರದ ಒಂದು ಹೆಣ್ಣು ಉರು ಇತ್ತು. ನಾನು ಹೇಳಿದ ಹೊಸ್ತಿಲು ಅದರದ್ದೇ. ಆ ಉರುವಿನ ಮೂಗಿನ ತುದಿ ಸವೆದಿತ್ತು, ಬಲಗೈಯ ಹೆಬ್ಬೆರಳು ಅರ್ಧಕ್ಕೆ ಮುರಿದಿತ್ತು. ಎಷ್ಟೋ ವರ್ಷಗಳ ಹಿಂದೆ ನಮ್ಮ ಸರ್ ಅದರ ಮೇಲೆ ಒಂದು ಲೇಖನ ಬರೆದು, ಇದು ಕಾಲ ತಿಂದ ಮೂಗು, ನಾನೂರು ವರ್ಷಕ್ಕೆ ಕಡಿಮೆಯಿಲ್ಲ ಎಂದಿದ್ದರು. ಆಮೇಲೆ ಬರೆದವರೆಲ್ಲ ಆ ನಾನೂರನ್ನೇ ಎತ್ತಿ ಬರೆದರು. ನನ್ನ ಇಡೀ ಪ್ರಬಂಧವನ್ನು ಆ ಮೂಗಿಗೆ ನೇತುಹಾಕಬೇಕಿತ್ತು. ಅದಕ್ಕಿಂತ ಚೂಪಾದ ಮೂಗು ಕಂಡರೆ ನಂತರದ್ದು, ಇನ್ನೂ ಚೂಪಾದರೆ ಇನ್ನೂ ನಂತರದ್ದು.

ಶನಿವಾರ ಬೆಳಗ್ಗಿನ ಶಾಲೆ ಮುಗಿಸಿ ಬಸ್ಸು ಹಿಡಿಯುತ್ತಿದ್ದೆ. ಎರ್ಮಾಳಿನಲ್ಲಿ ಮೀನು ಮಾರಿ ಹಿಂದಿರುಗುವ ಹೆಂಗಸರು ಖಾಲಿ ಬುಟ್ಟಿಗಳೊಂದಿಗೆ ಹತ್ತುತ್ತಿದ್ದರು. ಅವರ ನಡುವೆ ನನ್ನ ಡ್ರಾಯಿಂಗ್ ಹಲಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಪಡುಬಿದ್ರಿಯವರೆಗೆ ಹೋಗಿ, ಅಲ್ಲಿಂದ ಕಾರ್ಕಳ, ಮತ್ತೆ ಹೆಬ್ರಿಯ ಬಸ್ಸು. ಹೊಸ್ತಿಲಿನಾಚೆ ನಿಂತು, ಪೆನ್ಸಿಲನ್ನು ಕೈಚಾಚಿ ಹಿಡಿದು ಒಂದು ಕಣ್ಣು ಮುಚ್ಚಿ ಅಂದಾಜು ಮಾಡಿ ಗ್ರಾಫ್ ಕಾಗದದ ಮೇಲೆ ಇಳಿಸುತ್ತಿದ್ದೆ. ಅಂದಾಜು ಸಾಲದಲ್ಲ, ಅಳತೆ ಬೇಕು. ಆ ಗುತ್ತಿನ ಯಜಮಾನರು ನನ್ನ ಪರದಾಟ ನೋಡಿ ಒಂದು ದಿನ ತಾವೇ ದಾರದ ಉಂಡೆ ಹಿಡಿದು ಒಳಗೆ ಹೋದರು. ಹಣೆಯಿಂದ ಗಲ್ಲಕ್ಕೆ, ಭುಜದಿಂದ ಮೊಣಕೈಗೆ ದಾರ ಹಿಡಿದು, ಎರಡು ತುದಿಗೂ ಗಂಟು ಹಾಕಿ, ಕತ್ತರಿಸಿ ಹೊರಗೆ ಕೊಟ್ಟರು. ಪ್ರತಿ ದಾರಕ್ಕೂ ನಾನು ಚೀಟಿ ಕಟ್ಟಿದೆ. ಹೀಗೆ ಗಂಟಿನ ದಾರಗಳಿಂದ ಒಂದು ಬಿಸ್ಕತ್ತಿನ ಡಬ್ಬ ತುಂಬಿತು.

ಮನೆಯಲ್ಲಿ ಅಮ್ಮನಿಗೆ ಇದು ಇಷ್ಟವಿರಲಿಲ್ಲ. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಹೊರಬರುವಾಗ ಜನ ಅವಳನ್ನು ಕೇಳುತ್ತಿದ್ದರಂತೆ, ನಿಮ್ಮ ಮಗಳಿಗೆ ಕಲಿಯಲಿಕ್ಕೆ ಭೂತವೇ ಆಗಬೇಕಿತ್ತಾ ಎಂದು. ನಮ್ಮ ಗೋಡೆಯ ಮೇಲೆ ಏಸುವಿನ ಪಟದ ಪಕ್ಕದಿಂದ ಕಿಟಕಿಯವರೆಗೆ ಉರುಗಳ ಚಿತ್ರಗಳು ಶತಮಾನದ ಸಾಲಿನಲ್ಲಿ ನಿಂತಿದ್ದವು. ಅಮ್ಮ ಜಪಮಾಲೆ ಹಿಡಿದು ಅವುಗಳಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಮೂರು ವರ್ಷ ಹೀಗೆ ನಡೆದ ಮೇಲೆ ಉಳಿದದ್ದು ಒಂದು ಸಣ್ಣ ಕೆಲಸ. ಬಡಗಿಗಳ ಉಪಕರಣಗಳ ಹೆಸರು ಬರೆದುಕೊಳ್ಳುವುದು. ಅದಕ್ಕಾಗಿ ಕಾರ್ಕಳದ ಒಬ್ಬರು ಆಚಾರ್ಯರ ಮನೆಗೆ ಹೋದೆ. ತಲೆಮಾರುಗಳಿಂದ ಉರು ಕೆತ್ತುವ ಮನೆತನ. ಅರವತ್ತು ದಾಟಿದ್ದ ಅವರು ಹಲಸಿನ ಹಲಗೆಯೊಂದನ್ನು ಕಾಲಲ್ಲಿ ಒತ್ತಿ ಹಿಡಿದು ಬಾಚಿಯಿಂದ ಹೊಡೆಯುತ್ತಿದ್ದರು. ಕೆಲಸ ನಿಲ್ಲಿಸದೆಯೇ ಉಳಿಗಳ ಹೆಸರು ಹೇಳಿದರು. ಬರೆದುಕೊಂಡು, ಗೌರವಕ್ಕೆಂದು ನನ್ನ ಚಿತ್ರಗಳನ್ನು ಬಿಚ್ಚಿ ತೋರಿಸಿದೆ. ಆ ಹೆಣ್ಣು ಉರುವಿನ ಚಿತ್ರ ಬಂದಾಗ ಬಾಚಿ ಕೆಳಗಿಟ್ಟರು.

"ಇದರ ಬೆರಳು ಕಡಿದದ್ದು ನಾನೇ ಅಲ್ವಾ ಟೀಚರ್" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಅವರಿಗೆ ಇಪ್ಪತ್ತು ತುಂಬಿರದ ಕಾಲದಲ್ಲಿ ಗುತ್ತಿನ ಹಳೆಯ ಉರುವಿಗೆ ಗೆದ್ದಲು ಹತ್ತಿತ್ತಂತೆ. ಹೊಸದು ಮಾಡಿಕೊಡಿ, ಆದರೆ ಇದ್ದ ಹಾಗೆಯೇ ಇರಬೇಕು, ಕೂದಲಷ್ಟೂ ವ್ಯತ್ಯಾಸವಾಗಬಾರದು ಎಂದು ಆಗಿನ ಯಜಮಾನರು ಅವರ ಅಪ್ಪನಿಗೆ ಹೇಳಿದ್ದರಂತೆ. ಹಳೆಯದರ ಮೂಗು ಸವೆದಿತ್ತು, ಬೆರಳು ಮುರಿದಿತ್ತು. ಇದ್ದ ಹಾಗೆ ಎಂದರೆ ಇದ್ದ ಹಾಗೆ. ಅಪ್ಪ ಹೊಸ ಮೂಗನ್ನು ಕೆತ್ತಿ, ಮತ್ತೆ ಸಣ್ಣ ಉಳಿಯಿಂದ ಸವೆಸಿ, ಒರಟು ಎಲೆಯಲ್ಲಿ ಉಜ್ಜಿದರು. ಬೆರಳನ್ನು ಮಗನಿಗೆ ಬಿಟ್ಟರು.

"ಮೊದಲು ಪೂರ್ತಿ ಬೆರಳು ಮಾಡಿಸಿದರು, ಉಗುರಿನ ಸಮೇತ. ಆಮೇಲೆ ಕಡಿ ಅಂದರು. ಇಡೀ ಬೆರಳು ಮಾಡಲಿಕ್ಕೆ ಬಾರದವನಿಗೆ ಮುರಿದ ಬೆರಳು ಬರುವುದಿಲ್ಲ ಅಂತ. ಒಂದೇ ಏಟಿಗೆ ಆಗಲಿಲ್ಲ ಟೀಚರ್. ಮೂರು ಏಟು ಹೊಡೆದೆ. ಮೂರನೆಯದು ಜಾರಿ ತೋರುಬೆರಳಿನ ಬುಡಕ್ಕೆ ತಾಗಿತು. ಅಲ್ಲಿ ಒಂದು ಗೀರು ಉಂಟು, ನೋಡಿದ್ದೀರಾ?"

ನೋಡಿರಲಿಲ್ಲ. ಹೊಸ್ತಿಲಿನಿಂದ ಅದು ಕಾಣುವಂತಿರಲಿಲ್ಲ.

ಅವರು ಅಟ್ಟ ಹತ್ತಿ ಒಂದು ಕಟ್ಟು ಕೋಲುಗಳನ್ನು ತಂದರು. ಅಡಿಕೆ ಮರದ ಸೀಳಿನಿಂದ ಮಾಡಿದ, ಹೊಗೆಗೆ ಕಪ್ಪಾದ ಅಳತೆಕೋಲುಗಳು. ಆ ಮನೆಯ ಕ್ರಮವೆಂದರೆ, ಒಂದು ಉರುವಿಗೆ ಒಂದು ಕೋಲು. ಹಣೆ, ಮೂಗು, ಗಲ್ಲ, ಹೊಕ್ಕಳು ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ ಗುರುತು. ಅದೇ ಉರುವನ್ನು ಮತ್ತೆ ಮಾಡಿದಾಗಲೆಲ್ಲ ಕೋಲಿನ ಬುಡದಲ್ಲಿ ಒಂದು ಕಚ್ಚು. ಈ ಕೋಲಿನ ಬುಡದಲ್ಲಿ ಮೂರು ಕಚ್ಚುಗಳಿದ್ದವು. ಮುಂದಿನ ಶನಿವಾರ ಬಿಸ್ಕತ್ತಿನ ಡಬ್ಬ ತೆಗೆದುಕೊಂಡು ಹೋಗಿ, ಯಜಮಾನರ ದಾರಗಳನ್ನು ಒಂದೊಂದಾಗಿ ಕೋಲಿನ ಮೇಲೆ ಹಿಡಿದೆ. ಒಂದೊಂದು ಗಂಟೂ ಒಂದೊಂದು ಗುರುತಿನ ಮೇಲೆಯೇ ಕುಳಿತಿತು. ಆಚಾರ್ಯರ ಮಾತು ನಿಜವಾದರೆ ಈ ಉರುವಿಗೆ ಐವತ್ತು ವರ್ಷವೂ ಆಗಿರಲಿಲ್ಲ. ನಾನು ಜೋಡಿಸಿದ್ದು ಮೂರು ವರ್ಷದ ಸಾಲು. ಮೂಗು ಚೂಪಾಗಿದೆಯೋ ಸವೆದಿದೆಯೋ ಎಂಬುದರಿಂದ ಕಾಲ ಹೇಳಲು ಬರುವುದಿಲ್ಲವೆಂದಾದರೆ ಗೋಡೆಯ ಮೇಲಿನ ಚಿತ್ರಗಳೆಲ್ಲ ಬರೀ ಚಿತ್ರಗಳು.

ಸರ್‌ಗೆ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ಕನಿಕರ ತೋರಿದರು. ಬಡಗಿಗಳು ಎಲ್ಲವನ್ನೂ ತಮ್ಮ ಅಪ್ಪನೇ ಮಾಡಿದ್ದೆನ್ನುತ್ತಾರೆ, ಕೋಲು ಇದ್ದ ಮಾತ್ರಕ್ಕೆ ಆ ಉರು ಅದರಿಂದಲೇ ಬಂತೆಂದು ಹೇಗೆ ಹೇಳುತ್ತೀರಿ ಎಂದರು. ಪ್ರಶ್ನೆ ನ್ಯಾಯವಾಗಿತ್ತು. ಅದಕ್ಕೆ ಉತ್ತರ ಆ ಮೋಟು ಬೆರಳಿನ ಪಕ್ಕದ ಗೀರಿನಲ್ಲಿತ್ತು. ನಾಲ್ಕು ಹೆಜ್ಜೆ ದೂರದಲ್ಲಿ, ನಾನು ಹೋಗಬಾರದ ಕಡೆ.

ಯಜಮಾನರನ್ನು ಕೇಳಿಕೊಂಡೆ. ಮಳೆಗಾಲ ಮುಗಿದ ಮೇಲೆ ದೈವಸ್ಥಾನದ ಮಾಡು ಬಿಚ್ಚಿ ಹಂಚು ಬದಲಿಸಲಿಕ್ಕುಂಟು, ಆಗ ಉರುವನ್ನು ಅಂಗಳಕ್ಕೆ ತರುತ್ತೇವೆ, ಬನ್ನಿ ಎಂದರು. ಆ ಮಳೆಗಾಲದಷ್ಟು ಉದ್ದದ ಮಳೆಗಾಲವನ್ನು ನಾನು ಕಂಡಿಲ್ಲ. ನವೆಂಬರಿನಲ್ಲಿ ಕಾರ್ಡು ಬಂತು. ಹೋದಾಗ ಉರುವಿನೊಳಗಿನ ದೈವವನ್ನು ಕಲಶದ ನೀರಿಗೆ ಇಳಿಸಿ ಆಗಿತ್ತು. ಚಪ್ಪರದ ಕೆಳಗೆ ಬಾಳೆಎಲೆಯ ಮೇಲೆ ಅವಳು ಮಲಗಿದ್ದಳು. ಮೊದಲ ಬಾರಿಗೆ ಹಗಲು ಬೆಳಕಿನಲ್ಲಿ, ಒಂದು ಗೇಣಿನ ದೂರದಲ್ಲಿ ನೋಡಿದೆ.

ಮರ ತಾನಾಗಿ ಮುರಿದರೆ ಎಳೆಯ ಜಾಡು ಹಿಡಿದು ಸಿಗಿಯುತ್ತದೆ. ಎಷ್ಟು ಸವೆದರೂ ಆ ಓರೆ ಉಳಿಯುತ್ತದೆ. ಇಲ್ಲಿ ಎಳೆಗೆ ಅಡ್ಡಲಾಗಿ ಮೂರು ಬಾಗಿದ ಕಚ್ಚುಗಳಿದ್ದವು, ಉಳಿಯ ಬಾಯಿಯಷ್ಟೇ ಅಗಲ. ಮೂರನೆಯದರ ತುದಿಯಿಂದ ಒಂದು ಗೀರು ಹೊರಟು ತೋರುಬೆರಳಿನ ಬುಡದಲ್ಲಿ ನಿಂತಿತ್ತು. ಎಣ್ಣೆಯ ಜಿಡ್ಡು ಅದರೊಳಗೆ ಗಟ್ಟಿಯಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ್ದೋ, ಮೂರು ವರ್ಷ ಹೋದದ್ದಕ್ಕೋ ಗೊತ್ತಿಲ್ಲ.

ಗುರುತಿನ ಪಡಿಯಚ್ಚು ಬೇಕಿತ್ತು. ತೆಳುಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಕಚ್ಚುಗಳು ಮೂಡುತ್ತವೆ. ಈಗ ಇದು ಬರೀ ಮರ, ಆದರೂ ನೀವು ಮುಟ್ಟುವುದು ಬೇಡ, ನಾಲ್ಕು ಜನ ನೋಡ್ತಾರೆ ಎಂದು ಯಜಮಾನರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಏರಿಸಿ, ತಾವೇ ಉಜ್ಜಿದರು. ಮೂರು ಹಾಳೆ ಹಾಳಾಗಿ ನಾಲ್ಕನೆಯದು ಚೆನ್ನಾಗಿ ಬಂತು. ನಾನು ಅಳುಕುತ್ತಲೇ ಕೇಳಿದೆ, ಇದು ನಾನೂರು ವರ್ಷದ್ದಲ್ಲ ಎಂದು ಬರೆದರೆ ನಿಮಗೆ ಬೇಸರವಿಲ್ಲವೇ ಎಂದು.

"ನಾನೂರು ವರ್ಷ ಅಂತ ನಾವು ಯಾವಾಗ ಹೇಳಿದ್ದು? ನಿಮ್ಮ ಸರ್ ಹೇಳಿದ್ದು" ಎಂದರು ಅವರು. "ದೈವ ಹಳೆಯದು. ಮರ ಹೋಗ್ತದೆ, ಬರ್ತದೆ. ಇದರಲ್ಲಿ ಮುಚ್ಚಿಡಲಿಕ್ಕೆ ಎಂತ ಉಂಟು?"

ಊರಿಗೆಲ್ಲ ಗೊತ್ತಿದ್ದ ಸಂಗತಿ. ಯಾರೂ ಕೇಳಿರಲಿಲ್ಲ, ಅಷ್ಟೇ.

ಪಡಿಯಚ್ಚನ್ನು ಮಣಿಪಾಲಕ್ಕೆ ಒಯ್ದೆ. ಸರ್ ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತೆಂದು ನನಗೆ ಅರ್ಥವಾಯಿತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಾಗದವನ್ನು ಮಡಚಿ ನನ್ನ ಕಡೆ ಸರಿಸಿದರು.

"ಆಚಾರಿ ಹೇಳಿದ್ದು, ಯಜಮಾನ ಉಜ್ಜಿದ್ದು, ನೀವು ಅಂಗಳದಲ್ಲಿ ನಿಂತು ನೋಡಿದ್ದು. ನಾನು ಒಳಗೆ ನಿಂತು ನೋಡಿದವನು. ಈ ಪುಟಗಳನ್ನು ತೆಗೆದುಬಿಡಿ. ಬೇಕಾದರೆ ಅಡಿಟಿಪ್ಪಣಿಯಲ್ಲಿ ಜನರ ನಂಬಿಕೆ ಅಂತ ಹಾಕಿ. ನಿಮಗೆ ಪದವಿ ಬೇಕೋ, ಆ ಬೆರಳು ಬೇಕೋ ಯೋಚನೆ ಮಾಡಿ."

ಗುರುವಿಗೆ ತಿರುಮಂತ್ರ ಹಾಕುವ ಧೈರ್ಯ ಆ ದಿನ ನನಗಿರಲಿಲ್ಲ. ಆಯಿತು ಸರ್ ಎಂದು ಹೇಳಿ ಬಂದೆ. ಕಾಪುವಿಗೆ ಬಂದು, ಸೀರೆ ಕೂಡ ಬದಲಿಸದೆ ಗೋಡೆಯ ಮುಂದೆ ಕುಳಿತೆ. ಪುಟ ತೆಗೆದರೆ ಆರು ತಿಂಗಳಲ್ಲಿ ಎಲ್ಲ ಮುಗಿಯುತ್ತಿತ್ತು. ಹೆಸರಿನ ಮುಂದೆ ಡಾಕ್ಟರ್ ಎಂದು ಬರುತ್ತಿತ್ತು. ಅಮ್ಮ ಬಂದು ಏನಾಯಿತೆಂದು ಕೇಳಿದಳು. ಹೇಳಿದೆ. ಈ ಭೂತಗಳಿಂದ ಹೇಗೋ ಬಿಡುಗಡೆಯಾಯಿತಲ್ಲ ಎನ್ನುತ್ತಾಳೆಂದು ಎಣಿಸಿದ್ದೆ.

"ಸುಳ್ಳು ಬರೆಯಲಿಕ್ಕಾದರೆ ಮನೆಯಲ್ಲೇ ಕೂತು ಬರೆಯಬಹುದಿತ್ತು. ಇಷ್ಟು ವರ್ಷ ಬಸ್ಸಿನಲ್ಲಿ ಯಾಕೆ ಅಲೆದದ್ದು?" ಎಂದಳು.

ಅಂದು ಸಂಜೆಯೇ ಚಿತ್ರಗಳನ್ನು ಗೋಡೆಯಿಂದ ಕಿತ್ತೆ. ಅಮ್ಮ ಕೆಳಗೆ ನಿಂತು ಗುಂಡುಪಿನ್ನುಗಳನ್ನು ಕೈಯಲ್ಲಿ ಹಿಡಿದುಕೊಂಡಳು. ಶತಮಾನಗಳ ಸಾಲು ಹೋಯಿತು. ಅದರ ಜಾಗದಲ್ಲಿ ಯಾರ ಮನೆಯ ಕೋಲಿನಿಂದ ಯಾವ ಉರು ಬಂತೆಂಬ ಗುಂಪುಗಳು ಬಂದವು. ಅಡಿಟಿಪ್ಪಣಿಗೆ ತಳ್ಳಬೇಕಾಗಿದ್ದ ಆ ಪುಟಗಳನ್ನೇ ಮೊದಲನೆಯ ಅಧ್ಯಾಯ ಮಾಡಿದೆ. ಕಾಲ ಯಾವುದು ಎಂಬ ಪ್ರಶ್ನೆಯನ್ನು ಬಿಟ್ಟು, ಇದ್ದ ಹಾಗೆ ಮಾಡುವುದೆಂದರೆ ಏನು ಎಂಬ ಪ್ರಶ್ನೆ ಹಿಡಿದೆ. ಮತ್ತೆ ಬಸ್ಸು, ಮತ್ತೆ ಆಚಾರ್ಯರ ಅಟ್ಟ. ಬೇರೆ ಎರಡು ಮನೆತನಗಳಲ್ಲೂ ಕೋಲುಗಳು ಸಿಕ್ಕವು. ಚಿತ್ರಗಳ ಕೆಳಗೆ ಎಲ್ಲರೂ ಶಿಲ್ಪಿ ಅಜ್ಞಾತ ಎಂದು ಬರೆಯುವ ಜಾಗದಲ್ಲಿ ನಾನು ಆಚಾರ್ಯರ ತಂದೆಯ ಹೆಸರು ಬರೆದೆ. ಮುಂದೆ, ಬಲಗೈ ಹೆಬ್ಬೆರಳು: ಮಗ.

ಇದಕ್ಕೆ ಬೇರೆ ಮಾರ್ಗದರ್ಶಕರು ಬೇಕಿತ್ತು. ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಒಬ್ಬರು ಒಪ್ಪಿದರು. ಆದರೆ ಹಳೆಯವರು ನಿರಾಕ್ಷೇಪಣಾ ಪತ್ರ ಕೊಡದೆ ಹೊಸಬರು ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ. ಪತ್ರ ಬರೆದು ಕೇಳಿದೆ, ಉತ್ತರವಿಲ್ಲ. ಮತ್ತೆ ಬರೆದೆ, ಇಲ್ಲ. ನೋಂದಣಿಯ ಅವಧಿ ಕರಗುತ್ತಾ ಬಂತು. ಕೊನೆಗೆ ಒಂದು ಶನಿವಾರ ಶಾಲೆಯ ಮಕ್ಕಳ ಡ್ರಾಯಿಂಗ್ ಪುಸ್ತಕಗಳ ಕಟ್ಟನ್ನು ಹೊತ್ತು ಮಣಿಪಾಲಕ್ಕೆ ಹೋಗಿ, ಅವರ ಜಗಲಿಯಲ್ಲಿ ಕುಳಿತು ತಿದ್ದತೊಡಗಿದೆ. ಅವರು ಹೊರಗೆ ಬಂದು ನೋಡಿ ಒಳಗೆ ಹೋದರು. ಸಂಜೆಯ ಬಸ್ಸಿಗೆ ಎದ್ದು ಬಂದೆ. ಮುಂದಿನ ಶನಿವಾರ ಮತ್ತೆ ಹೋದೆ. ಅದರ ಮುಂದಿನದಕ್ಕೂ. ಅವರ ಹೆಂಡತಿ ಕಾಫಿ ತಂದಿಡುತ್ತಿದ್ದರು. ಐದನೆಯ ವಾರ ಅದರ ಜೊತೆ ಎರಡು ಗೋಳಿಬಜೆಯೂ ಬಂತು. ಆ ಮನೆಯಲ್ಲಿ ನನ್ನ ಪಕ್ಷಕ್ಕೆ ಒಂದು ಮತ ಬಿತ್ತೆಂದು ತಿಳಿದುಕೊಂಡೆ. ನನ್ನ ಶಾಲೆಯ ಮಕ್ಕಳ ಪುಸ್ತಕಗಳು ಆ ವರ್ಷದಷ್ಟು ಶ್ರದ್ಧೆಯಿಂದ ತಿದ್ದಿಸಿಕೊಂಡದ್ದು ಮತ್ತೆಂದೂ ಇಲ್ಲ.

ಏಳನೆಯ ಶನಿವಾರ ಸರ್ ಒಂದು ಹಾಳೆ ತಂದು ಪುಸ್ತಕಗಳ ಮೇಲಿಟ್ಟರು. ನನಗೆ ಒಪ್ಪಿಗೆ ಇಲ್ಲ, ಆಕ್ಷೇಪವೂ ಇಲ್ಲ ಎಂದು ಬರೆದು ಸಹಿ ಹಾಕಿದ್ದರು. ಕಾಲು ಮುಟ್ಟಿ ನಮಸ್ಕರಿಸುವುದೋ ಬೇಡವೋ ತಿಳಿಯದೆ ಪುಸ್ತಕಗಳನ್ನು ಎದೆಗವಚಿಕೊಂಡು ನಿಂತೆ. ಅವರೇ ಬಾಗಿಲು ಹಾಕಿಕೊಂಡರು.

ಹೊಸ ಮಾರ್ಗದರ್ಶಕರು ಒಳ್ಳೆಯವರು, ಸ್ವಲ್ಪ ಅಂಜುಬುರುಕರು. ಹಿಂದಿನ ವಿದ್ವಾಂಸರ ಕಾಲನಿರ್ಣಯ ತಪ್ಪು ಎಂದು ನೇರವಾಗಿ ಬರೆದರೆ ಪರೀಕ್ಷಕರು ಮುನಿಯುತ್ತಾರೆ, ಮರುಪರಿಶೀಲನೆ ಅಗತ್ಯ ಎಂದು ಬರೆಯಿರಿ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ದಣಿದಿದ್ದೆ, ಒಪ್ಪಿದೆ. ಉಡುಪಿಯ ಕಡಿಯಾಳಿಯ ಟೈಪಿಸ್ಟ್ ನಾಲ್ಕು ಕಾರ್ಬನ್ ಇಟ್ಟು ಆ ವಾಕ್ಯವನ್ನು ಹೊಡೆಯುತ್ತಿದ್ದಾಗ ಪಕ್ಕದಲ್ಲೇ ಕುಳಿತಿದ್ದೆ. ನಿಲ್ಲಿಸಿ ಎನ್ನಬಹುದಿತ್ತು, ಎನ್ನಲಿಲ್ಲ. ಇಡೀ ಪ್ರಬಂಧದಲ್ಲಿ ನನಗೆ ನಾಚಿಕೆ ತರುವ ವಾಕ್ಯ ಅದೊಂದೇ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು ಬೇಸಿಗೆಯಲ್ಲಿ, ಘಟ್ಟದ ಮೇಲೆ, ವಿಶ್ವವಿದ್ಯಾಲಯದ ಒಂದು ಕೊಠಡಿಯಲ್ಲಿ ಮೌಖಿಕ ಪರೀಕ್ಷೆ ನಡೆಯಿತು. ಯಾರು ಬೇಕಾದರೂ ಬಂದು ಕೂರಬಹುದಾದ ತೆರೆದ ಪರೀಕ್ಷೆ. ಹೊರಗಿನ ಪರೀಕ್ಷಕರು ಕೋಲುಗಳ ಬಗ್ಗೆ, ದಾರಗಳ ಬಗ್ಗೆ ಕೇಳಿದರು. ಬಿಸ್ಕತ್ತಿನ ಡಬ್ಬ ತೆರೆದು ಮೇಜಿನ ಮೇಲಿಟ್ಟೆ. ಯಜಮಾನರು ಉಜ್ಜಿಕೊಟ್ಟ ಪಡಿಯಚ್ಚು ಕೈಯಿಂದ ಕೈಗೆ ಹೋಯಿತು. ಎಲ್ಲ ಸರಿಯಾಗಿ ನಡೆಯುತ್ತಿದೆ ಎನ್ನುವಾಗ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಮಣಿಪಾಲದ ಸರ್. ಬಂದು ಕುಳಿತದ್ದು ನನಗೆ ಗೊತ್ತೇ ಆಗಿರಲಿಲ್ಲ.

ಅವರು ಪ್ರಬಂಧದ ಆ ಪುಟವನ್ನು ತೆರೆದು ಹಿಡಿದಿದ್ದರು. ಮರುಪರಿಶೀಲನೆ ಅಗತ್ಯ ಎಂದು ಬರೆದಿದ್ದೀರಿ, ಅದರ ಅರ್ಥವೇನು, ನನ್ನ ನಾನೂರು ವರ್ಷ ಸರಿಯೋ ತಪ್ಪೋ ಎಂದು ಕೇಳಿದರು. ಹೊಸ ಮಾರ್ಗದರ್ಶಕರು ಮೇಜಿನ ಕೆಳಗೆ ನನ್ನ ಕಡೆ ಕೈ ಅಲ್ಲಾಡಿಸಿದರು, ಬೇಡ ಎಂಬಂತೆ.

"ತಪ್ಪು ಸರ್" ಎಂದೆ.

"ನೀವು ಆ ದೈವಸ್ಥಾನದ ಒಳಗೆ ಹೋಗಿ ನೋಡಿದ್ದೀರಾ?"

ನನಗೆ ಆ ಹೊಸ್ತಿಲು ನೆನಪಾಯಿತು. ಮೂರು ವರ್ಷದ ಶನಿವಾರಗಳು, ಚಾಚಿ ಹಿಡಿದ ಪೆನ್ಸಿಲು, ಮುಚ್ಚಿದ ಒಂದು ಕಣ್ಣು.

"ಇಲ್ಲ ಸರ್. ನನ್ನನ್ನು ಒಳಗೆ ಬಿಡಲಿಲ್ಲ. ನಿಮ್ಮನ್ನು ಆ ಬೆರಳಿನ ಪಕ್ಕಕ್ಕೇ ಬಿಟ್ಟಿದ್ದರು."

ಅವರು ಪುಟ ಮುಚ್ಚಿದರು.

"ಹೌದು, ಬಿಟ್ಟಿದ್ದರು" ಎಂದು ಹೇಳಿ ಕುಳಿತುಕೊಂಡರು.